ಕವರಿನ ರಿವ್ಯೂ, ಕಾರ್ಡಿನ ವ್ಯಾಪಾರ

ಮಾನ್ಯ ಸಂಪಾದಕರೇ,

ನಾನು 31 ವರ್ಷ ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು ಹಿಡಿದಿದೆ. ಕ್ಯಾಮೆರಾಕ್ಕೆ ಮೆಮೊರಿ ಕಾರ್ಡ್ ಬೇಕಿತ್ತು. ಒಂದು ಶಾಪಿಂಗ್ ಆ್ಯಪ್‌ನಲ್ಲಿ ಹೆಸರಾಂತ ಕಂಪನಿಯ 512 ಜಿಬಿ ಕಾರ್ಡ್ ಕಾಣಿಸಿತು. ನಾಲ್ಕೂವರೆ ಸ್ಟಾರ್, ಎರಡು ಸಾವಿರಕ್ಕೂ ಜಾಸ್ತಿ ರಿವ್ಯೂ. ಇಷ್ಟು ಜನ ಸುಳ್ಳು ಹೇಳ್ತಾರಾ ಅಂದುಕೊಂಡು ತರಿಸಿಬಿಟ್ಟೆ.

ಮೂರು ವಾರ ಚೆನ್ನಾಗಿಯೇ ನಡೆಯಿತು. ಆಮೇಲೊಂದು ಸಂಜೆ ಕಂಪ್ಯೂಟರಿಗೆ ಹಾಕಿದರೆ ಫೈಲುಗಳ ಹೆಸರೆಲ್ಲ ಇವೆ, ತೆರೆದರೆ ಒಳಗೆ ಏನೂ ಇಲ್ಲ. ಒಂದು ಮಿಂಚುಳ್ಳಿಯ ಚಿತ್ರ ಕೊಕ್ಕಿನವರೆಗೆ ಸರಿಯಾಗಿತ್ತು, ಅದರ ಕೆಳಗೆ ಬರೀ ಬೂದು ಬಣ್ಣ. ಎಫ್3 ಅಂತ ಒಂದು ಉಚಿತ ತಂತ್ರಾಂಶವಿದೆ. ಕಾರ್ಡಿನ ತುಂಬಾ ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ಅದರ ಲೆಕ್ಕದಲ್ಲಿ ಸಿಕ್ಕಿದ್ದು 32 ಜಿಬಿ. ಒಳಗಿನ ಚಿಪ್‌ಗೆ ‘ನಾನು 512’ ಅಂತ ಸುಳ್ಳು ಹೇಳಲು ಕಲಿಸಿಟ್ಟಿರುತ್ತಾರೆ. ಜಾಗ ಮುಗಿದರೂ ಅದು ಸಾಕು ಅನ್ನುವುದಿಲ್ಲ. ಹಳೆಯದರ ಮೇಲೇ ಬರೆಯುತ್ತದೆ, ಇಲ್ಲವೇ ಬಂದದ್ದನ್ನು ಸುಮ್ನೆ ಬಿಟ್ಟುಬಿಡುತ್ತದೆ.

ನಕಲಿ ಮಾಲು ಹೊಸದೇನಲ್ಲ. ನನ್ನ ತಕರಾರು ರಿವ್ಯೂಗಳದ್ದು. ಮೋಸ ಹೋದ ಮೇಲೆ ಕೂತು ಓದಿದೆ (ಮೊದಲೇ ಓದಬೇಕಿತ್ತು, ಗೊತ್ತು). ಮೇಲಿದ್ದವು ಒಂದೇ ವಾರದಲ್ಲಿ ಬಂದ ‘ಸೂಪರ್ ಪ್ರಾಡಕ್ಟ್’ಗಳು, ಅವನ್ನು ಬಿಡಿ. ಹಳೆಯವಕ್ಕೆ ಇಳಿದರೆ ಒಬ್ಬರು ಬರೆದಿದ್ದರು, ಮೂಲೆಗಳು ಗಟ್ಟಿಯಾಗಿವೆ ಅಂತ. ಇನ್ನೊಬ್ಬರು, ಫೋನ್ ಕೈಜಾರಿ ಬಿದ್ದರೂ ಏನೂ ಆಗಲಿಲ್ಲ ಅಂತ. ಮೆಮೊರಿ ಕಾರ್ಡಿಗೆ ಎಂಥ ಮೂಲೆ! ಅವೆಲ್ಲ ಫೋನ್ ಕವರಿನ ರಿವ್ಯೂಗಳು. ಮಾರುವವನು ಅದೇ ಪುಟದಲ್ಲಿ ಕವರಿನ ಹೆಸರು, ಫೋಟೊ ತೆಗೆದು ಕಾರ್ಡಿನದು ಹಾಕಿದ್ದಾನೆ. ಸ್ಟಾರುಗಳು ಮಾತ್ರ ಹಾಗೇ ಉಳಿದಿವೆ. ‘ಖರೀದಿ ಖಚಿತ’ ಅನ್ನುವ ಗುರುತು ಕೂಡ ಇದೆ. ಪಾಪ, ಅವರು ಕವರು ಖರೀದಿಸಿದ್ದು ನಿಜ ತಾನೇ?

ಲೈಬ್ರರಿಯಲ್ಲಿ ಪ್ರತಿ ಪುಸ್ತಕಕ್ಕೂ ತಾರೀಖಿನ ಚೀಟಿ ಅಂಟಿಸುತ್ತಿದ್ದೆವು. ಚೀಟಿ ತುಂಬಿದ್ದರೆ ಎಲ್ಲರೂ ಕೇಳುವ ಪುಸ್ತಕ ಅಂತ ಅರ್ಥ. ಅದನ್ನು ಕಿತ್ತು ಯಾರೂ ಮುಟ್ಟದ ಪುಸ್ತಕಕ್ಕೆ ಅಂಟಿಸಿದ್ದರೆ ನನ್ನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು, ಅಲ್ವಾ?

ಇದಕ್ಕೆ ‘ರಿವ್ಯೂ ಹೈಜಾಕಿಂಗ್’ ಅಂತ ಹೆಸರೇ ಇದೆ. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರಿಗೆ ಆಗುವ ಮೋಸ ತಡೆಯುವ ಅಲ್ಲಿನ ಸರ್ಕಾರಿ ಸಂಸ್ಥೆ) ಇದೇ ತಪ್ಪಿಗೆ ವಿಟಮಿನ್ ಮಾರುವ ಕಂಪನಿಯೊಂದರಿಂದ 6 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಸುಳ್ಳು ರಿವ್ಯೂಗಳನ್ನು ನಿಷೇಧಿಸುವ ನಿಯಮವೂ 2024ರ ಅಕ್ಟೋಬರಿನಲ್ಲಿ ಅಲ್ಲಿ ಜಾರಿಗೆ ಬಂತು. ಆದರೆ ಕರಡಿನಲ್ಲಿದ್ದ ಹೈಜಾಕಿಂಗ್ ಕಲಮನ್ನು ಕೊನೆಗೆ ಕೈಬಿಟ್ಟರು. ನನಗಂತೂ ಬೇಕಾಗಿದ್ದು ಅದೇ ಕಲಮು.

ತಡೆಯಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಪುಟದಲ್ಲಿರುವ ವಸ್ತು ಬದಲಾದರೆ ಸ್ಟಾರು ಸೊನ್ನೆಯಿಂದ ಶುರುವಾಗಲಿ. ಬರೆದವರು ಕೊಂಡದ್ದು ಏನು ಅನ್ನುವುದು ಪ್ರತಿ ರಿವ್ಯೂ ಪಕ್ಕ ಕಾಣಲಿ. ಆ್ಯಪ್ ನಡೆಸುವವರ ಹತ್ತಿರ ಈ ಲೆಕ್ಕವೆಲ್ಲ ಇದ್ದೇ ಇರುತ್ತದೆ.

ನನ್ನ ದುಡ್ಡು ವಾಪಸ್ ಬಂತು, ಮಿಂಚುಳ್ಳಿ ಬರಲಿಲ್ಲ. ಒಂದು ಸ್ಟಾರ್ ಕೊಟ್ಟು ‘ಇದು 32 ಜಿಬಿ, ಮೋಸ ಹೋಗಬೇಡಿ’ ಅಂತ ಬರೆದು ಬಂದೆ. ಮೊನ್ನೆ ನೋಡಿದರೆ ಆ ಪುಟದಲ್ಲಿ ಇಯರ್‌ಫೋನ್ ಇದೆ. ನನ್ನ ರಿವ್ಯೂ ಅದರ ಕೆಳಗಿದೆ.

– ನಿವೃತ್ತ ಗ್ರಂಥಪಾಲಕಿ