ಡೋಣಿ ನದಿಯ ಹೂಳಿಗೆ ಮುಕ್ತಿ ಯಾವಾಗ?

ಮಾನ್ಯರೆ,

ಉತ್ತರ ಕರ್ನಾಟಕದ ನದಿ ಅಂದರೆ ಕೃಷ್ಣೆ, ಭೀಮೆಯರ ಮಾತೇ ಬರುತ್ತದೆ. ನಮ್ಮ ಡೋಣಿಯನ್ನು ನೆನೆಯುವುದು ಅದು ಉಕ್ಕಿದಾಗ ಮಾತ್ರ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ಸಾರವಾಡ, ತಾಳಿಕೋಟೆ ಕಡೆ ಹರಿದು ಕೃಷ್ಣೆಯನ್ನು ಸೇರುವ ಚಿಕ್ಕ ನದಿ ಇದು. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ. ದಂಡೆಯ ಎರೆ ಮಣ್ಣು ಮಳೆಯ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಅದೇ ಹಸಿಯಲ್ಲಿ ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತವೆ. ನದಿಯ ನೀರು ಮಾತ್ರ ಸವಳು, ಕುಡಿಯಲು ಬಾರದು.

ಈಗ ನದಿಯ ಪಾತ್ರವೇ ಕಾಣುವುದಿಲ್ಲ. ಹೊಲಗಳಿಂದ ಕೊಚ್ಚಿ ಬಂದ ಮಣ್ಣು ತುಂಬಿದೆ. ಅದರ ಮೇಲೆ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದು ಇನ್ನಷ್ಟು ಹೂಳನ್ನು ತಡೆದು ನಿಲ್ಲಿಸುತ್ತಿದೆ. ಹೀಗಾಗಿ ಜೋರು ಮಳೆ ಬಂದರೆ ನೀರು ಹೊಲಕ್ಕೆ ನುಗ್ಗುತ್ತದೆ. ತಾಳಿಕೋಟೆ ಹತ್ತಿರದ ತಗ್ಗಿನ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಬೆಳೆ ಹೋದ ರೈತನಿಗೆ ಸಿಗುವ ಪರಿಹಾರ ಬೀಜ, ಗೊಬ್ಬರಕ್ಕೂ ಸಾಲದು.

ಸೇತುವೆಯ ಆಸುಪಾಸು ಒಂದಿಷ್ಟು ಮಣ್ಣು ಎತ್ತಿದರೆ ಪ್ರಯೋಜನವಿಲ್ಲ. ಮುಂದಿನ ಮಳೆಗೆ ಅದು ಮತ್ತೆ ತುಂಬುತ್ತದೆ ಅಲ್ವಾ? ಮೊದಲು ಜಾಲಿಯನ್ನು ಬೇರುಸಮೇತ ಕೀಳಬೇಕು. ನದಿಯ ಉದ್ದಕ್ಕೂ ಹೂಳೆತ್ತಬೇಕು. ಮೇಲಿನ ಹೊಲಗಳಿಗೆ ಒಡ್ಡು ಹಾಕಲು ರೈತರಿಗೆ ನೆರವು ಕೊಡಬೇಕು. ಬರುವ ಬೇಸಿಗೆಯಲ್ಲೇ ಸರ್ಕಾರ ಈ ಕೆಲಸ ಶುರು ಮಾಡಲಿ.

– ಡೋಣಿ ದಂಡೆಯ ರೈತ, ತಾಳಿಕೋಟೆ