ಗೆಳೆಯನಿಗೊಂದು ಪತ್ರ: ಸೆಂಗ್‌ಹೆನಿದ್ ಗಣಿಯ ಕೊನೆಯ ಗಡುವು

ಪ್ರೀತಿಯ ಗೆಳೆಯ,

ನೂರು ವರ್ಷಗಳಿಗೂ ಹಿಂದೆ ವೇಲ್ಸ್‌ನಲ್ಲಿ ನಡೆದ ಒಂದು ಗಣಿ ದುರಂತವನ್ನು ಇಷ್ಟು ಹಚ್ಚಿಕೊಂಡು ಏಕೆ ಓದುತ್ತಿದ್ದೀಯ ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಮಾತು ಬದಲಿಸಿದೆ. ಉತ್ತರ ಉದ್ದವಿತ್ತು, ಬರೆದೇ ಹೇಳಬೇಕಾದದ್ದಾಗಿತ್ತು. ಎಲ್ಲರೂ ಓದಬಹುದಾದ ಜಾಗದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ: ನಿನ್ನೊಬ್ಬನಿಗೆಂದು ಕುಳಿತರೆ ನಾವಿಬ್ಬರೂ ಮತ್ತೆ ನಮ್ಮ ಹಳೆಯ ತಮಾಷೆಗಳಿಗೇ ಹೊರಳುತ್ತೇವೆ, ಕಲ್ಲಿದ್ದಲಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಬಂದು ಬೀಳುವ ಕಲ್ಲಿದ್ದಲನ್ನು ಇಷ್ಟು ವರ್ಷ ಕಂಡ ನಿನಗಿಂತ ತಕ್ಕ ಓದುಗನೂ ನನಗಿಲ್ಲ.

ಕೆರ್ಫಿಲಿ ಪಟ್ಟಣದಿಂದ ಮೇಲಕ್ಕೆ ಹೋದರೆ ಏಬರ್ ಎಂಬ ಕಣಿವೆಯ ತಲೆಯಲ್ಲಿ ಸೆಂಗ್‌ಹೆನಿದ್ ಎಂಬ ಊರಿದೆ. ಅಲ್ಲಿನ ಯೂನಿವರ್ಸಲ್ ಗಣಿಗೆ 1890ರ ದಶಕದಲ್ಲಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಎಂಬ ಎರಡು ಶಾಫ್ಟ್‌ಗಳನ್ನು, ಅಂದರೆ ಗಣಿಯೊಳಗೆ ಇಳಿಯುವ ಬಾವಿಯಂಥ ದಾರಿಗಳನ್ನು, ಸುಮಾರು 600 ಮೀಟರ್ ಆಳಕ್ಕೆ ಇಳಿಸಿದರು. ಆ ದಶಕದ ಕೊನೆಗೆ ಎಲ್ಲೆಡೆ ದಕ್ಷಿಣ ಆಫ್ರಿಕದ ಯುದ್ಧದ ಸುದ್ದಿಗಳು. ಆದ್ದರಿಂದ ನೆಲದಡಿಯ ವಿಭಾಗಗಳಿಗೆ ಮಾಫೆಕಿಂಗ್, ಪ್ರಿಟೋರಿಯಾ, ಲೇಡಿಸ್ಮಿತ್, ಕಿಂಬರ್ಲಿ ಎಂದು ಆ ಯುದ್ಧದ ಊರುಗಳ ಹೆಸರಿಟ್ಟಿದ್ದರು. ಹಡಗುಗಳ ಬಾಯ್ಲರುಗಳಿಗೆ ಬೇಕಾದ ಉತ್ತಮ ದರ್ಜೆಯ ಕಲ್ಲಿದ್ದಲು ಅಲ್ಲಿ ಸಿಗುತ್ತಿತ್ತು. ಗಣಿ ಬಿಸಿಯಾಗಿತ್ತು, ಒಣಗಿತ್ತು, ಮೀಥೇನ್ ಅನಿಲವೂ ಹೇರಳವಾಗಿತ್ತು.

1901ರ ಮೇ 24ರಂದು ಅಲ್ಲಿ ಮೊದಲ ಸ್ಫೋಟವಾಯಿತು. ಆಗ ಒಳಗಿದ್ದ 82 ಮಂದಿಯಲ್ಲಿ 81 ಮಂದಿ ಸತ್ತರು. ಬದುಕಿದ ಒಬ್ಬ ಕುದುರೆ ನೋಡಿಕೊಳ್ಳುವವನು, ಅವನು ಸಿಕ್ಕಿದ್ದು ಸತ್ತ ಕುದುರೆಯೊಂದರ ಪಕ್ಕದಲ್ಲಿ. ಕಲ್ಲಿದ್ದಲಿನ ಧೂಳಿನ ಸ್ಫೋಟಶಕ್ತಿಯ ಬಗ್ಗೆ ಅದಕ್ಕೂ ಇಪ್ಪತ್ತೈದು ವರ್ಷ ಮೊದಲಿಂದಲೇ ಪ್ರಯೋಗ ನಡೆಸಿಕೊಂಡು ಬಂದಿದ್ದ ವಿಲಿಯಂ ಗ್ಯಾಲೊವೇ ಈ ಗಣಿಯ ಬಗ್ಗೆ ವರದಿ ಬರೆದ. ಗಣಿ ಒಣಗಿದೆ, ದಾರಿಗಳಲ್ಲಿ ಧೂಳು ತುಂಬಿದೆ, ಸ್ಫೋಟವನ್ನು ಎಲ್ಲೆಡೆಗೆ ಒಯ್ದದ್ದು ಆ ಧೂಳೇ ಎಂಬ ವಿಚಾರ 1901ರಲ್ಲಿಯೇ ಕಾಗದದ ಮೇಲೆ ಬಂದಿತ್ತು. ಧೂಳಿನ ಕೆಲಸವೇ ಹಾಗೆ ಎಂಬುದು ನಿನಗೆ ಗೊತ್ತು. ಗಾಳಿಯಲ್ಲಿ 5ರಿಂದ 15 ಪ್ರತಿಶತದಷ್ಟು ಮೀಥೇನ್ ಸೇರಿದ ಕಡೆ ಕಿಡಿ ಬಿದ್ದರೆ ಅಲ್ಲಿ ಆಗುವ ಸ್ಫೋಟ ಸಣ್ಣದಾಗಿಯೇ ಮುಗಿಯಬಹುದು. ಆದರೆ ಅದರ ಗಾಳಿಯ ಹೊಡೆತಕ್ಕೆ ನೆಲ, ಗೋಡೆ, ಚಾವಣಿಗಳ ಮೇಲೆ ಕುಳಿತ ಕಲ್ಲಿದ್ದಲಿನ ಪುಡಿ ಮೇಲೆದ್ದರೆ, ಹಿಂದೆಯೇ ಬರುವ ಜ್ವಾಲೆ ಅದನ್ನು ಹೊತ್ತಿಸುತ್ತದೆ, ಹೊತ್ತಿದ್ದು ಇನ್ನಷ್ಟು ಪುಡಿಯನ್ನು ಎಬ್ಬಿಸುತ್ತದೆ, ಹೀಗೆ ಅದು ಒಂದು ಸುರಂಗದಿಂದ ಮತ್ತೊಂದಕ್ಕೆ ತನ್ನ ಮೇವನ್ನು ತಾನೇ ಹುಡುಕಿಕೊಂಡು ಓಡುತ್ತದೆ. ಉಳಿದವರನ್ನು ಕೊಲ್ಲುವುದು ಆಮೇಲೆ ತುಂಬಿಕೊಳ್ಳುವ ಕಾರ್ಬನ್ ಮೊನಾಕ್ಸೈಡ್.

ಹನ್ನೆರಡು ವರ್ಷ ಕಳೆಯಿತು. 1913ರ ಅಕ್ಟೋಬರ್ 14ರ ಬೆಳಿಗ್ಗೆ ಸುಮಾರು 950 ಮಂದಿ ಅದೇ ಗಣಿಗೆ ಇಳಿದರು. ಎಂಟು ಗಂಟೆ ಹತ್ತು ನಿಮಿಷದ ಹೊತ್ತಿಗೆ ಪಶ್ಚಿಮ ಭಾಗದಲ್ಲಿ ಸ್ಫೋಟವಾಯಿತು. ಅದರ ಹೊಡೆತಕ್ಕೆ ಲ್ಯಾಂಕಾಸ್ಟರ್ ಶಾಫ್ಟಿನಲ್ಲಿ ಜನರನ್ನು ಇಳಿಸಿ ಏರಿಸುವ ಕೇಜು ಮೇಲಕ್ಕೆ ಹಾರಿಬಂದು, ಶಾಫ್ಟಿನ ಬಾಯಿಯಲ್ಲಿ ಕೆಲಸಕ್ಕೆ ನಿಂತಿದ್ದವನೂ ಸತ್ತ. ಮ್ಯಾನೇಜರ್ ಎಡ್ವರ್ಡ್ ಶಾ ಸ್ವಲ್ಪವೂ ತಡಮಾಡದೆ ತಾನೇ ಯಾರ್ಕ್ ಶಾಫ್ಟಿನಲ್ಲಿ ಇಳಿದ. ಈ ಸಂಗತಿಯನ್ನು ನಾನು ಮರೆಯುವುದಿಲ್ಲ, ಏಕೆಂದರೆ ಆತ ಹೇಡಿಯಾಗಿರಲಿಲ್ಲ. ಆಗಿದ್ದರೆ ಈ ಕಥೆಯನ್ನು ಅರ್ಥ ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಪೂರ್ವ ಭಾಗದಲ್ಲಿದ್ದವರು ಹೊರಬಂದರು. ಪಶ್ಚಿಮದಲ್ಲಿ ಬೆಂಕಿ ಹತ್ತಿತ್ತು, ಚಾವಣಿ ಕುಸಿಯುತ್ತಿತ್ತು, ಆರಿಸಲು ಸಾಕಷ್ಟು ನೀರಿರಲಿಲ್ಲ. ಆ ರಾತ್ರಿ ಕಳೆಯುವುದರೊಳಗೆ ಅಲ್ಲಿಂದ 18 ಮಂದಿ ಜೀವಂತ ಸಿಕ್ಕರು. ಅನಂತರ ಸಿಕ್ಕವು ಹೆಣಗಳು ಮಾತ್ರ. ಸತ್ತ ಗಣಿ ಕೆಲಸಗಾರರು 439, ಅವರನ್ನು ಉಳಿಸಲು ಹೋಗಿ ಸತ್ತವನು ಒಬ್ಬ. ಬ್ರಿಟನ್ನಿನ ಗಣಿಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾವಿಲ್ಲ. ಅವರಲ್ಲಿ 14 ವರ್ಷದ ಹುಡುಗರಿದ್ದರು.

ಸಂಖ್ಯೆ ದೊಡ್ಡದೆಂಬ ಕಾರಣಕ್ಕೆ ನಾನು ಇದರಲ್ಲಿ ಸಿಕ್ಕಿಕೊಂಡಿದ್ದಲ್ಲ. ಬ್ರಿಟನ್ 1911ರಲ್ಲಿ ಕಲ್ಲಿದ್ದಲು ಗಣಿಗಳಿಗೆ ಹೊಸ ಕಾಯಿದೆ ತಂದಿತ್ತು. ಗಣಿಯ ಫ್ಯಾನು ಗಾಳಿಯ ದಿಕ್ಕನ್ನು ಬೇಕೆಂದಾಗ ಹಿಂದುಮುಂದು ಮಾಡುವಂತಿರಬೇಕು ಎಂಬುದು ಅದರ ಒಂದು ನಿಯಮ. ಬೆಂಕಿ ಬಿದ್ದಾಗ ಹೊಗೆ ಮತ್ತು ವಿಷಾನಿಲ ಜನರಿರುವ ಕಡೆಗೆ ಹೋಗದಂತೆ ತಡೆಯುವ ಉಪಾಯ ಅದು. ಈ ಕೆಲಸ 1913ರ ಜನವರಿ 1ರೊಳಗೆ ಮುಗಿಯಬೇಕಿತ್ತು. ಯೂನಿವರ್ಸಲ್ ಗಣಿಗೆ ಸೆಪ್ಟೆಂಬರ್ 30ರವರೆಗೆ ಹೆಚ್ಚಿನ ಸಮಯ ಸಿಕ್ಕಿತು. ಸೆಪ್ಟೆಂಬರ್ 30 ಬಂತು, ಕೆಲಸ ಮುಗಿದಿರಲಿಲ್ಲ, ಗಣಿ ನಿಲ್ಲಲಿಲ್ಲ. ಮುಂದಿನ 14ನೇ ದಿನ ಸ್ಫೋಟವಾಯಿತು. ಗಾಳಿಯ ದಿಕ್ಕು ಬದಲಿಸಿದ್ದರೆ ಎಷ್ಟು ಜನ ಬದುಕುತ್ತಿದ್ದರು ಎಂಬ ಬಗ್ಗೆ ತಿಳಿದವರು ಆಗಲೂ ವಾದಿಸಿದರು, ಈಗಲೂ ವಾದಿಸುತ್ತಾರೆ. ಬದಲಿಸುವುದೇ ಅಪಾಯ ಎಂದವರೂ ಇದ್ದಾರೆ. ಆದರೆ ಆ ಆಯ್ಕೆಯೇ ಅಂದು ಯಾರ ಕೈಯಲ್ಲೂ ಇರಲಿಲ್ಲ. ಧೂಳಿನದೂ ಅದೇ ಕಥೆ: ನೆಲದ ಧೂಳನ್ನು ತೆಗೆಯುತ್ತಿದ್ದರು, ಗೋಡೆ ಮತ್ತು ಚಾವಣಿಯದನ್ನು ಕಾಯಿದೆ ಹೇಳಿದಂತೆ ತೆಗೆಯುತ್ತಿರಲಿಲ್ಲ.

ಕಿಡಿ ಎಲ್ಲಿಂದ ಬಂತು ಎಂಬುದು ವಿಚಾರಣೆಯಲ್ಲಿ ಖಚಿತವಾಗಲಿಲ್ಲ. ಸಂಕೇತದ ಗಂಟೆಗಳ ವಿದ್ಯುತ್ ತಂತಿಯದ್ದಿರಬಹುದು ಎಂಬ ಅನುಮಾನ ಬಂತು. ಸಾವುಗಳು ಆಕಸ್ಮಿಕ ಎಂದು ತೀರ್ಮಾನವಾಯಿತು. ಕಾಯಿದೆ ಮುರಿದ ಆರೋಪಗಳ ಮೇಲೆ 1914ರಲ್ಲಿ ಮ್ಯಾನೇಜರನಿಗೆ ಒಟ್ಟು 24 ಪೌಂಡ್ ದಂಡ ಬಿತ್ತು. ಕಂಪನಿಗೆ, ಅದೂ ಮೇಲ್ಮನವಿಯ ನಂತರ, 10 ಪೌಂಡ್ ಮತ್ತು ಖರ್ಚು. ಸತ್ತ ಒಬ್ಬ ಮನುಷ್ಯನಿಗೆ ಒಂದು ಶಿಲ್ಲಿಂಗ್ ಮತ್ತು ಚಿಲ್ಲರೆ ಎಂದು ಅಲ್ಲಿನ ಒಂದು ಪತ್ರಿಕೆ ಲೆಕ್ಕ ಹಾಕಿ ತಲೆಬರಹ ಮಾಡಿತು. ನಾನೂ ಕಾಗದ ತೆಗೆದುಕೊಂಡು, ಆಗಿನ ಪೌಂಡಿಗೆ 20 ಶಿಲ್ಲಿಂಗಿನಂತೆ, ಮ್ಯಾನೇಜರನ ದಂಡದ 480 ಶಿಲ್ಲಿಂಗನ್ನು 440ರಿಂದ ಭಾಗಿಸಿ ನೋಡಿದೆ. ಲೆಕ್ಕ ಸರಿಯಿತ್ತು. ಅಂದು ಊಟ ಸೇರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನನ್ನ ತಮ್ಮ ಕೆಜಿಎಫ್‌ನಲ್ಲಿ ಗಣಿಯ ಡಿಪ್ಲೊಮಾ ಮುಗಿಸಿ ಗೋದಾವರಿ ಕಣಿವೆಯ ಭೂಗತ ಗಣಿಯೊಂದರಲ್ಲಿ ಓವರ್‌ಮನ್, ಅಂದರೆ ನೆಲದಡಿಯ ಕೆಲಸದ ಮೇಲ್ವಿಚಾರಕ, ಆಗಿದ್ದಾನೆಂದು ನಿನಗೆ ಗೊತ್ತು. ಅವನ ಕೈಕೆಳಗಿನ ಉಸ್ತುವಾರಿಗಳಾದ ಸರ್ದಾರರು ಪಾಳಿಗೆ ಮುನ್ನ ಅನಿಲ ಪರೀಕ್ಷಿಸುವುದನ್ನು, ಮೀಥೇನ್ 1.25 ಪ್ರತಿಶತ ಮುಟ್ಟಿದರೆ ವಿದ್ಯುತ್ ಕಡಿದು ಜನರನ್ನು ಹಿಂದಕ್ಕೆ ಕರೆತರಬೇಕಾದುದನ್ನು, ಕಲ್ಲಿದ್ದಲಿನ ಧೂಳು ಹೊತ್ತದಿರಲೆಂದು ಸುರಂಗದ ಉದ್ದಕ್ಕೂ ಸುಣ್ಣಕಲ್ಲಿನ ಪುಡಿ ಎರಚಿ ಬೆಳ್ಳಗೆ ಮಾಡುವುದನ್ನು ಅವನು ನನಗೆ ವಿವರಿಸಿದ್ದಾನೆ. ಕಲ್ಲುಪುಡಿಯ ಈ ಉಪಾಯ ಸೆಂಗ್‌ಹೆನಿದ್‌ನಂಥ ಸಾವುಗಳ ನಂತರವೇ ಬ್ರಿಟನ್ನಿನಲ್ಲಿ ಕಡ್ಡಾಯವಾದದ್ದು. ಅವನು ಅದನ್ನೆಲ್ಲ ಹೇಳುವಾಗಿನ ಹೆಮ್ಮೆ ನನಗೆ ಇಷ್ಟ. ಆದರೆ ನಮ್ಮ ದೇಶದಲ್ಲಿಯೂ 1958ರಲ್ಲಿ ಚಿನಾಕುರಿ, 1965ರ ಮೇ 28ರಂದು 268 ಮಂದಿಯನ್ನು ಕೊಂದ ಧೋರಿ, ನೀನೂ ನಾನೂ ಕೆಲಸಕ್ಕೆ ಸೇರಿಯಾದ ಮೇಲೆ, 2006ರಲ್ಲಿ, 50 ಮಂದಿ ಸತ್ತ ಭಾಟ್‌ಡಿಹ್ ಗಣಿಗಳ ಸ್ಫೋಟಗಳು ನಡೆದಿವೆ, ಮತ್ತು ಅಲ್ಲೆಲ್ಲ ನಿಯಮಗಳಿದ್ದವು.

ಪಾಳಿ ಮುಗಿಸಿ ಹೊರಬಂದ ಮೇಲೆ ಅವನು 'ಮೇಲೆ ಬಂದೆ' ಎಂದು ಎರಡೇ ಪದದ ಸಂದೇಶ ಕಳಿಸುತ್ತಾನೆ. ಅದು ಬರುವವರೆಗೆ ನಾನು ಮಲಗುವುದಿಲ್ಲ. ತಡವಾದರೆ ನೆಟ್‌ವರ್ಕ್ ಇಲ್ಲದಿರಬಹುದು ಎಂದು ಯೋಚಿಸಬೇಕಾದ ನನ್ನ ತಲೆ, ಅಲ್ಲಿ ಯಾವ ಕೆಲಸಕ್ಕೆ ಯಾರು ಎಷ್ಟು ದಿನದ ಸಮಯ ಕೇಳಿರಬಹುದು ಎಂದು ಯೋಚಿಸುತ್ತದೆ. ಅವ್ವನಿಗೆ ನಾವು ಅವನು ಗಣಿಯ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಾನೆಂದೇ ಹೇಳಿದ್ದೇವೆ. ಅವಳು ಅವನ ಕೈಯನ್ನು ತಿರುಗಿಸಿ ಉಗುರು ನೋಡಿ ಸುಮ್ಮನಾಗುತ್ತಾಳೆ, ಅವಳಿಗೆ ಗೊತ್ತಿದೆಯೆಂದೇ ನನಗೆ ಅನ್ನಿಸುತ್ತದೆ. ಇದನ್ನು ನಿನಗೆ ಕೂಡ ಹೇಳಿರಲಿಲ್ಲ, ಇಲ್ಲಿ ಬರೆಯಬೇಕೆಂದೂ ಇರಲಿಲ್ಲ. ಬರೆದಾಯಿತು, ಇರಲಿ.

ಸೆಂಗ್‌ಹೆನಿದ್‌ನ ಗಣಿ ಸ್ಫೋಟವಾದ ವರ್ಷದ ನವೆಂಬರ್ ಕೊನೆಗೇ ಮತ್ತೆ ಕೆಲಸ ಶುರುಮಾಡಿತು, 1928ರಲ್ಲಿ ಮುಚ್ಚಿತು. ನೂರು ವರ್ಷ ತುಂಬಿದ 2013ರ ಅಕ್ಟೋಬರ್ 14ರಂದು ಅಲ್ಲಿ ವೇಲ್ಸ್‌ನ ಎಲ್ಲ ಗಣಿ ಕಾರ್ಮಿಕರ ಸ್ಮಾರಕವನ್ನು ತೆರೆದರು. ಬದುಕುಳಿದವನನ್ನು ಹಿಡಿದೆತ್ತುವ ರಕ್ಷಕನ ಕಂಚಿನ ಪ್ರತಿಮೆ ಅಲ್ಲಿದೆ.

ಇನ್ನು ನಿನ್ನಿಂದ ಎರಡು ಕೆಲಸ ಆಗಬೇಕು. ನಿಮ್ಮಲ್ಲಿ ಕಲ್ಲಿದ್ದಲು ಸಾಗುವ ಕನ್ವೇಯರಿನ ಮೇಲೆ ನೀರು ಸಿಂಪಡಿಸುವ ನಳಿಕೆಗಳೆಲ್ಲ ಸರಿಯಿವೆಯೇ ಎಂದು ನೀನೇ ಒಮ್ಮೆ ನಡೆದು ನೋಡಿ ಬಂದು ನನಗೆ ಬರೆ. ಅಲ್ಲಿಯೂ ಧೂಳೇ ಇರುವುದು. ಎರಡನೆಯದು, ದೀಪಾವಳಿಗೆ ತಮ್ಮ ರಜೆಯ ಮೇಲೆ ಬರುತ್ತಿದ್ದಾನೆ, ನೀನೂ ಮನೆಯವರನ್ನೆಲ್ಲ ಕರೆದುಕೊಂಡು ಬಾ. ಅತ್ತಿಗೆಯವರ ಕೈಯ ಶೇಂಗಾ ಚಟ್ನಿಪುಡಿ ಬರದಿದ್ದರೆ ಅವನು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ, ಖಂಡಿತ.

ನಿನ್ನ,
ಗೆಳೆಯ