ನಂಬರ್ ನೈನ್ ಜಾಗ ನಮ್ಮ ಹುಡುಗರಿಗೂ ಸಿಗಲಿ: ಕೇಂದ್ರ ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಾದ ಶ್ರೀ ಮನ್ಸುಖ್ ಮಾಂಡವೀಯ ಅವರಿಗೆ,

ಬೆಂಗಳೂರಿನಿಂದ ಒಬ್ಬ ಫುಟ್‌ಬಾಲ್ ಅಭಿಮಾನಿಯ ನಮಸ್ಕಾರಗಳು.

ಸರ್, 2025ರ ಅಕ್ಟೋಬರ್ 14ರ ರಾತ್ರಿ ನಾವು ಆರು ಜನ ಗೆಳೆಯನ ಮನೆಯಲ್ಲಿ ಕೂತು ಮಡಗಾಂವ್‌ನ ಭಾರತ-ಸಿಂಗಪುರ ಪಂದ್ಯ ನೋಡುತ್ತಿದ್ದೆವು. ನಮ್ಮ ಛಾಂಗ್ಟೆ ದೂರದಿಂದ ಹೊಡೆದ ಚೆಂಡು ಬಲೆಗೆ ಬಿದ್ದಾಗ ನಾವು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಆಮೇಲೆ ಸಿಂಗಪುರ ಎರಡು ಗೋಲು ಹೊಡೆಯಿತು. 2027ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯುವ ಆಸೆ ಅಲ್ಲಿಗೆ ಮುಗಿಯಿತು. ಟಿವಿ ಆರಿಸಿದರೂ ಯಾರೂ ಎದ್ದು ಹೊರಡಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಒಂದೇ ಜಗಳ: ಎದುರಾಳಿ ಗೋಲಿನ ಮುಂದೆ ನಿಂತು ಗೋಲು ಹೊಡೆಯುವ ನಂಬರ್ ನೈನ್ ಜಾಗದಲ್ಲಿ, ಅಂದರೆ ಸ್ಟ್ರೈಕರ್ ಆಗಿ, ಯಾರನ್ನು ಆಡಿಸಬೇಕಿತ್ತು?

ನಲವತ್ತು ದಾಟಿದ ಸುನಿಲ್ ಛೆಟ್ರಿ ಮೇಲೆ ಇನ್ನೂ ಎಷ್ಟು ಭಾರ ಹಾಕ್ತೀರಿ ಅಂತ ಒಬ್ಬ. ಅವರನ್ನು ಬಿಟ್ಟರೆ ಬೇರೆ ಯಾರಿದ್ದಾರೆ ಹೇಳು ಅಂತ ಇನ್ನೊಬ್ಬ. ಸಿಂಗಪುರದ ನೆಲದಲ್ಲಿ 90ನೇ ನಿಮಿಷಕ್ಕೆ ಸಮ ಮಾಡಿದ ರಹೀಂ ಅಲಿಯನ್ನೇ ನಂಬಬೇಕು ಅಂತ ಮತ್ತೊಬ್ಬ. ಒಬ್ಬ ಸ್ಟ್ರೈಕರ್ ಸಾಕಾಗಲ್ಲ, ಇಬ್ಬರನ್ನು ಬಿಡಬೇಕು ಅಂತ ಮಗದೊಬ್ಬ. ನಾನೂ ಜೋರಾಗಿಯೇ ವಾದ ಮಾಡಿದೆ. ಮನೆಗೆ ಬಂದು ಮಲಗಿದಾಗ ಮಾತ್ರ ಒಂದು ವಿಷಯ ಕೊರೆಯತೊಡಗಿತು. ಇಷ್ಟು ದೊಡ್ಡ ದೇಶದಲ್ಲಿ ನಾವು ಬೈದಾಡಿದ್ದು ಎರಡು ಮೂರು ಹೆಸರಿನ ಮೇಲೆ. ಕೋಚ್ ಯಾರೇ ಆಗಲಿ, ಇಲ್ಲದವರನ್ನು ಎಲ್ಲಿಂದ ತರ್ತಾರೆ?

ಈ ಅರ್ಹತಾ ಸುತ್ತಿನ ಮೊದಲ ಐದು ಪಂದ್ಯಗಳಲ್ಲಿ ನಾವು ಹೊಡೆದದ್ದು ಎರಡೇ ಗೋಲು. ಅದಕ್ಕೂ ಮೊದಲು, 2024ರ ಜನವರಿಯಲ್ಲಿ, ಕತಾರ್‌ನ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯ ಆಡಿ ಒಂದೂ ಗೋಲು ಹೊಡೆಯಲಿಲ್ಲ. ಆ ಇಡೀ ವರ್ಷ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಜೂನ್ 6ರಂದು ಕೋಲ್ಕತ್ತದಲ್ಲಿ ಛೆಟ್ರಿ 94 ಗೋಲುಗಳೊಂದಿಗೆ ಕಣ್ಣೀರು ಹಾಕುತ್ತಾ ವಿದಾಯ ಹೇಳಿದರು. ಒಂಬತ್ತು ತಿಂಗಳಿಗೆ ಅವರನ್ನೇ ವಾಪಸ್ ಕರೆಯಬೇಕಾಯಿತು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು ಅವರು ತಲೆಯಿಂದ ಗೋಲು ಹೊಡೆದಾಗ ನಾನು ಕುಣಿದಿದ್ದೇನೆ ಸರ್. ಕುಣಿಯುತ್ತಲೇ ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಯಾಕೆ ಹೀಗಾಯಿತು? ನಮ್ಮ ದೊಡ್ಡ ಲೀಗ್ ನೋಡಿ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದದ್ದು 2014ರಲ್ಲಿ. ಅಲ್ಲಿಂದ 2024-25ರವರೆಗೆ ಹನ್ನೊಂದು ಸೀಸನ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಒಮ್ಮೆಯೂ ಭಾರತೀಯನಿಗೆ ಸಿಕ್ಕಿಲ್ಲ. 2024-25ರಲ್ಲಿ ಮೊರಾಕೊದ ಅಜಾರೆ 23 ಗೋಲು ಹೊಡೆದರು. ಭಾರತೀಯರಲ್ಲಿ ಮೊದಲಿಗರು 14 ಗೋಲಿನ ಛೆಟ್ರಿ, ಅದೂ ನಲವತ್ತನೇ ವಯಸ್ಸಿನಲ್ಲಿ. ಈಗ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರಿಗೆ ಅವಕಾಶವಿದೆ. ದುಡ್ಡು ಹಾಕುವ ಕ್ಲಬ್ ಮೊದಲು ತರುವುದೇ ಗೋಲು ಹೊಡೆಯುವವನನ್ನು. ಅದರಲ್ಲಿ ತಪ್ಪಿಲ್ಲ, ಗೆಲ್ಲಬೇಕಲ್ಲ! ಹಾಗಾಗಿ ನಮ್ಮ ಸ್ಟ್ರೈಕರ್‌ಗಳು ವಿಂಗ್‌ಗೆ, ಅಂದರೆ ಮೈದಾನದ ಅಂಚಿಗೆ, ಸರಿಯುತ್ತಾರೆ. ಮನ್ವೀರ್ ಸಿಂಗ್ ಮೋಹನ್ ಬಾಗಾನ್‌ಗೆ ಬಲ ವಿಂಗ್‌ನಲ್ಲಿ ಓಡುತ್ತಾರೆ. 2017-18ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಯಲ್ಲಿ (ಬಿಎಫ್‌ಸಿ) ವೆನೆಜುವೆಲಾದ ಮೀಕು ನಡುವೆ ಇದ್ದಾಗ ಸ್ವತಃ ಛೆಟ್ರಿಯೇ ಎಡಬದಿಯಲ್ಲಿ ಆಡುತ್ತಿದ್ದರು.

ಇದು ಎಷ್ಟು ಕೆಳಗಿನವರೆಗೆ ಇಳಿದಿದೆ ಎನ್ನುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದೆ. ನನ್ನ ಅಕ್ಕನ ಮಗನಿಗೆ ಈಗ ಹದಿನೈದು. ಆಸ್ಟಿನ್ ಟೌನ್ ಮೈದಾನದಲ್ಲಿ ಆಡಿ ಬೆಳೆದವನು. ಗೋಲಿಗೆ ಬೆನ್ನು ಮಾಡಿ ನಿಂತು, ಹಿಂದಿನಿಂದ ತಳ್ಳುವವನನ್ನು ಸೊಂಟದಿಂದ ತಡೆದು, ಚೆಂಡು ಕಾಲಿಗೆ ಬಂದ ಕೂಡಲೇ ತಿರುಗಿ ಬಾರಿಸುತ್ತಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಅಕಾಡೆಮಿಯ ಟ್ರಯಲ್ಸ್‌ಗೆ ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಕೋಚ್ ಹೇಳಿದ್ದು: “ಸ್ಪೀಡ್ ಚೆನ್ನಾಗಿದೆ ಮರಿ, ವಿಂಗ್‌ಗೆ ಹೋಗು. ನಡುವೆ ಆಡಿದ್ರೆ ಮುಂದೆ ಚಾನ್ಸ್ ಸಿಗಲ್ಲ.” ಅವರು ಹುಡುಗನ ಒಳ್ಳೆಯದಕ್ಕೇ ಹೇಳಿದ್ದು. ಮೊನ್ನೆ ಅವನ ಪಂದ್ಯ ನೋಡಿದೆ. ಗೋಲಿನ ಮುಂದಿನ ಬಾಕ್ಸ್ ಹತ್ತಿರ ಚೆಂಡು ಸಿಕ್ಕರೆ ತಲೆಯೆತ್ತಿ ಬೇರೆಯವರನ್ನು ಹುಡುಕುತ್ತಾನೆ. ಮೊದಲೆಲ್ಲ ಅಂಥ ಚೆಂಡನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ.

ಅವಕಾಶ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಕಂಠೀರವ ಸ್ಟೇಡಿಯಂನಲ್ಲಿ ಕೂತವರು ಸಾಕ್ಷಿ. 2022-23ರಲ್ಲಿ ಬಿಎಫ್‌ಸಿ ಸೋತು ಸುಣ್ಣವಾಗಿತ್ತು. ಅಭಿಮಾನಿಗಳಲ್ಲಿ ಇದೇ ಜಗಳ ನಡೆದಿತ್ತು. ಆಗ ಕೋಚ್ ಸೈಮನ್ ಗ್ರೇಸನ್ ಛೆಟ್ರಿಯನ್ನು ಬೆಂಚ್‌ನಲ್ಲಿ ಕೂರಿಸಿ, ಫಿಜಿಯ ರಾಯ್ ಕೃಷ್ಣ ಪಕ್ಕದಲ್ಲಿ 21ರ ಹುಡುಗ ಶಿವಶಕ್ತಿ ನಾರಾಯಣನ್‌ನನ್ನು ಇಳಿಸಿದರು. ನಾಯಕನನ್ನೇ ಕೂರಿಸೋದಾ ಅಂತ ನಾನು ಸಿಟ್ಟಾಗಿದ್ದೆ. ನನ್ನದು ತಪ್ಪಾಗಿತ್ತು. ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನೂ ಗೆದ್ದೆವು, ಫೈನಲ್‌ವರೆಗೂ ಹೋದೆವು. ಅಲ್ಲಿ ಪೆನಾಲ್ಟಿಯಲ್ಲಿ ಸೋತದ್ದು ಬೇರೆ ಮಾತು. ಆ ಹುಡುಗ ಬಂದದ್ದು ಕ್ಲಬ್‌ನ ಎರಡನೇ ತಂಡದಿಂದ.

ಗೋಲು ಹೊಡೆಯುವುದು ನಮ್ಮವರಿಗೆ ಬರದ ವಿದ್ಯೆಯೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಒಂದೇ ಒಂದು ಗೋಲು ಹೊಡೆದವರು ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್. 1956ರಲ್ಲಿ ಮೆಲ್ಬರ್ನ್‌ನಲ್ಲಿ ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಇವತ್ತು ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ನಮ್ಮವರಾದ ಆಟಗಾರ ರಯಾನ್ ವಿಲಿಯಮ್ಸ್ ಅವರನ್ನು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇವೆ. ಆದರೆ ಅವರಿಗೂ 30 ದಾಟಿದೆ.

ತಂಡದ ಆಯ್ಕೆಯಲ್ಲಿ ಸರ್ಕಾರ ಕೈಹಾಕಲಿ ಅಂತ ನಾನು ಕೇಳುತ್ತಿಲ್ಲ. ಹೊರಗಿನವರ ಹಸ್ತಕ್ಷೇಪ ಅಂತ ಫಿಫಾ 2022ರ ಆಗಸ್ಟ್‌ನಲ್ಲಿ ನಮ್ಮ ಫೆಡರೇಷನ್ನನ್ನೇ ಅಮಾನತು ಮಾಡಿದ್ದು ನೆನಪಿದೆ. ನಿಮ್ಮ ಕೈಯಲ್ಲೇ ಇರುವುದನ್ನು ಕೇಳುತ್ತೇನೆ. ಖೇಲೋ ಇಂಡಿಯಾ ಕೇಂದ್ರಗಳಲ್ಲಿ, ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಹಾಸ್ಟೆಲ್‌ಗಳಲ್ಲಿ ಸ್ಟ್ರೈಕರ್‌ಗಳಿಗೆಂದೇ ಕೋಚ್‌ಗಳನ್ನು ನೇಮಿಸಿ. ಗೋಲ್‌ಕೀಪರ್‌ಗೆ ಬೇರೆ ಕೋಚ್ ಇರುವಾಗ ಗೋಲು ಹೊಡೆಯುವವನಿಗೆ ಯಾಕಿರಬಾರದು? ಫೆಡರೇಷನ್‌ಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು 13ರಿಂದ 19 ವಯಸ್ಸಿನವರ ಲೀಗ್‌ಗೆ ಮೀಸಲಿಡಿ. ನಾಲ್ಕು ದಿನದ ಟೂರ್ನಿ ಸಾಲದು. ವರ್ಷಕ್ಕೆ ಏಳೆಂಟು ತಿಂಗಳು, ವಾರಕ್ಕೊಂದು ಪಂದ್ಯ ಬೇಕು. ಬಾಕ್ಸ್‌ನಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ನೂರು ಸಲ ತಪ್ಪಿದ ಮೇಲೆ ತಿಳಿಯುವ ವಿಷಯ.

ಇನ್ನೊಂದು ಮಾತು. ಐಎಸ್‌ಎಲ್ ನಿಂತುಹೋಗಿದ್ದಾಗ ಎಲ್ಲರನ್ನೂ ಕೂರಿಸಿ ಮಾತಾಡಿ, 2026ರ ಫೆಬ್ರವರಿ 14ರಿಂದ 14 ಕ್ಲಬ್‌ಗಳೊಂದಿಗೆ ಶುರುವಾಗುತ್ತದೆ ಅಂತ ಪ್ರಕಟಿಸಿದವರು ನೀವೇ. ಅದಕ್ಕೆ ನಾವು ಋಣಿಗಳು. ಅದೇ ಕ್ಲಬ್‌ಗಳನ್ನು, ಫೆಡರೇಷನ್ನನ್ನು ಮತ್ತೊಮ್ಮೆ ಕೂರಿಸಿ ಒಂದು ಪ್ರಶ್ನೆ ಕೇಳಿ: ಕ್ಲಬ್‌ಗಳ ಇನ್ನೊಂದು ಟೂರ್ನಿಯಾದ ಸೂಪರ್ ಕಪ್ ಪಂದ್ಯಗಳಲ್ಲಾದರೂ ನಂಬರ್ ನೈನ್ ಜಾಗದಲ್ಲಿ 23ರೊಳಗಿನ ಒಬ್ಬ ಭಾರತೀಯ ಹುಡುಗನನ್ನು ಆಡಿಸಲು ಒಪ್ಪುತ್ತೀರಾ? ಅವರ ಉತ್ತರವನ್ನು ನಮಗೂ ತಿಳಿಸಿ.

ಬೆಂಗಳೂರಿಗೆ ಬಂದಾಗ ಒಂದು ಸಂಜೆ ಆಸ್ಟಿನ್ ಟೌನ್ ಮೈದಾನಕ್ಕೆ ಬನ್ನಿ ಸರ್. ನಮ್ಮ ಹುಡುಗ ಐದೂವರೆಗೆ ಅಲ್ಲಿರುತ್ತಾನೆ. ಅಲ್ಲಿ ಅವನು ಇನ್ನೂ ನಡುವಿನಲ್ಲೇ ಆಡುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ